ಪೂರ್ವಪಕ್ಷವಿಲ್ಲದ ಪುಟಗಳು

"ಇದನ್ನು ಒಪ್ಪದವರು ಏನು ಹೇಳುತ್ತಾರೆ? ಎಲ್ಲಿ ಹೇಳಿದ್ದಾರೆ?"

ಕನ್ನಡ ವಿಕಿಪೀಡಿಯದಲ್ಲಿ ಶಂಕರರ ಮಾಯಾವಾದದ ಬಗ್ಗೆ ನಾನು ಬರೆದು ಸೇರಿಸಿದ ಭಾಗಕ್ಕೆ ಚರ್ಚೆ ಪುಟದಲ್ಲಿ ಬಂದ ಪ್ರತಿಕ್ರಿಯೆ ಇಷ್ಟೇ. ಬರೆದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಹೆಸರಿನ ಜಾಗದಲ್ಲಿ ಬರೀ ಅಂಕಿಗಳಿದ್ದವು. ನನಗೆ ಸಿಟ್ಟು ಬಂತು. ಕಾಲೇಜಿನಲ್ಲಿ ದಶಕಗಟ್ಟಲೆ ತತ್ತ್ವಶಾಸ್ತ್ರ, ತರ್ಕಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಉದ್ದನೆಯ ಉತ್ತರ ಬರೆದೆ. ನನ್ನ ಪದವಿ, ನನ್ನ ಸೇವಾವಧಿ, ನಾನು ಪಾಠ ಮಾಡಿದ ಪತ್ರಿಕೆಗಳು ಎಲ್ಲವೂ ಅದರಲ್ಲಿದ್ದವು. ಕೇಳಿದ್ದಕ್ಕೆ ಉತ್ತರ ಇರಲಿಲ್ಲ. ಮರುದಿನ ಅದೇ ಅಂಕಿಗಳಿಂದ ಇನ್ನೊಂದು ಮಾತು ಬಂತು: "ನಿಮ್ಮ ಅನುಭವದ ಬಗ್ಗೆ ಗೌರವವಿದೆ. ಆದರೆ ಓದುವವರಿಗೆ ನಿಮ್ಮ ಪರಿಚಯವಿಲ್ಲ. ಅವರು ನಂಬಬೇಕಾದದ್ದು ಏನನ್ನು?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ನಾನು ಬರೆದದ್ದರಲ್ಲಿ ಮಾತ್ರವಲ್ಲ, ಕಲಿಸಿದ್ದರಲ್ಲೂ ದೊಡ್ಡದೊಂದು ಕೊರತೆ ಕಂಡಿತು. ಅದನ್ನು ಇಲ್ಲಿ ಹೇಳಬೇಕಾಗಿದೆ. ಕನ್ನಡದಲ್ಲಿ ತತ್ತ್ವಶಾಸ್ತ್ರ ಬರೆಯುವ ಆಸೆ ಇರುವ ಮೇಷ್ಟ್ರುಗಳು, ಸಂಶೋಧಕರು, ಓದುಗರು ಇನ್ನೂ ಅನೇಕರಿದ್ದಾರೆ. ಅವರಿಗೆ ಇದು ಬೇಕು.

ಈ ಕೆಲಸಕ್ಕೆ ನಾನು ಇಳಿದದ್ದು ಒಬ್ಬ ಹುಡುಗನ ಸಲುವಾಗಿ. ಬೈರಿದೇವರಕೊಪ್ಪ ಹುಬ್ಬಳ್ಳಿ ಧಾರವಾಡಗಳ ನಡುವಿನ ಊರು. ಉಣಕಲ್ ಒಂದು ಕಡೆ, ನವನಗರ ಇನ್ನೊಂದು ಕಡೆ, ಎರಡೂ ಈಗ ಕೂಡಿಹೋಗಿವೆ. ಇಲ್ಲಿ ಬಾಡಿಗೆ ಖೋಲಿ ಹಿಡಿದು ಚಿಗರಿ ಬಸ್ಸಿನಲ್ಲಿ ಧಾರವಾಡದ ಕೋಚಿಂಗ್ ಕ್ಲಾಸುಗಳಿಗೆ ಓಡಾಡುವ ಹುಡುಗರಿದ್ದಾರೆ. ಕೇಂದ್ರ ಲೋಕಸೇವಾ ಆಯೋಗ 2013ರಿಂದ ಮುಖ್ಯ ಪರೀಕ್ಷೆಯಲ್ಲಿ ನೀತಿಶಾಸ್ತ್ರಕ್ಕೇ ಒಂದು ಪತ್ರಿಕೆ ಇಟ್ಟಿದೆ. ಆ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಬರೆಯಬಹುದು, ಆದರೆ ಓದುವುದೇನನ್ನು? ನಮ್ಮ ಓಣಿಯ ಹುಡುಗ ಮೊಬೈಲಿನಲ್ಲಿ ಕಾಂಟ್ ಬಗ್ಗೆ ಒಂದು ಕನ್ನಡ ಪುಟ ತೆರೆದುಕೊಂಡು ಬಂದು, "ಸರ್, ಇದನ್ನ ಎಷ್ಟ್ ಸಲ ಓದಿದ್ರೂ ತಲಿಗಿ ಹತ್ತವಲ್ದುರಿ. ನಾನ ದಡ್ಡ ಅದೀನೋ, ಇದ ಹಿಂಗ ಐತೋ?" ಎಂದು ಕೇಳಿದ. ಓದಿ ನೋಡಿದೆ. ಹುಡುಗನ ತಪ್ಪಿರಲಿಲ್ಲ. ವಾಕ್ಯದ ಕರ್ತೃ ಎಲ್ಲೋ, ಕ್ರಿಯಾಪದ ಎಲ್ಲೋ. ನಡುವೆ ನಾಲ್ಕು 'ಅದು', ಮೂರು 'ಯಾವುದು'. ಇಂಗ್ಲಿಷ್ ಗೊತ್ತಿದ್ದವನು ಮನಸ್ಸಿನಲ್ಲೇ ಮತ್ತೆ ಇಂಗ್ಲಿಷಿಗೆ ತಿರುಗಿಸಿಕೊಂಡರೆ ಮಾತ್ರ ಅರ್ಥವಾಗುವ ಕನ್ನಡ ಅದು.

ಇಂಥ ಪುಟಗಳಿಗೊಂದು ಇತಿಹಾಸವಿದೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವನ್ನು ಮೊದಲಿಗೆ ಬೆಳೆಸಿದವರು ಬೆರಳೆಣಿಕೆಯ ಉತ್ಸಾಹಿಗಳು. 2009ರಿಂದ 2011ರವರೆಗೆ ಗೂಗಲ್ ಸಂಸ್ಥೆ ತನ್ನ ಅನುವಾದ ಉಪಕರಣವನ್ನು ಬಳಸಿ, ಹಣ ಕೊಟ್ಟು ಅನುವಾದಕರನ್ನು ಇಟ್ಟು, ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಿಗೆ ಇಂಗ್ಲಿಷ್ ಲೇಖನಗಳನ್ನು ತರಿಸಿತು. ಬಂಗಾಳಿ, ತಮಿಳು ಬಳಗಗಳು ಬಹಿರಂಗವಾಗಿ ಆಕ್ಷೇಪಿಸಿದವು. ಕನ್ನಡದಲ್ಲಿ ಗಾತ್ರ ಬೆಳೆಯಿತು, ಸರಿಪಡಿಸುವ ಕೈಗಳು ಅಷ್ಟು ಬೆಳೆಯಲಿಲ್ಲ. ಆಮೇಲೂ ಯಂತ್ರಾನುವಾದದ ಹೊರೆ ಬೇರೆ ಬೇರೆ ದಾರಿಗಳಿಂದ ಬರುತ್ತಲೇ ಇದೆ. ಕ್ರಿಕೆಟ್ಟಿಗನ ಪುಟವೋ ಊರಿನ ಪುಟವೋ ಆದರೆ ಕೆಟ್ಟ ವಾಕ್ಯದ ನಡುವೆಯೂ ಇಸವಿ, ಹೆಸರು, ಅಂಕಿಸಂಖ್ಯೆ ದಕ್ಕುತ್ತವೆ. ತತ್ತ್ವಶಾಸ್ತ್ರದಲ್ಲಿ ವಾಕ್ಯ ಕೆಟ್ಟರೆ ಉಳಿಯುವುದು ಏನೂ ಇಲ್ಲ. ಅಲ್ಲಿ ವಾದವೇ ವಸ್ತು.

ಹುಡುಗನಿಗೆ ಕಾಂಟ್‌ನನ್ನು ಬಾಯಲ್ಲಿ ಬಿಡಿಸಿ ಹೇಳಿದೆ. ಅವನಿಗೆ ತಿಳಿಯಿತು. ಹಾಗಾದರೆ ಇದನ್ನೇ ಪುಟಕ್ಕೆ ಹಾಕಿದರೆ ಎಲ್ಲರಿಗೂ ತಿಳಿಯುತ್ತದಲ್ಲ ಎಂದು ಕಪಾಟಿನಿಂದ ಹಳೆಯ ಪಾಠದ ಟಿಪ್ಪಣಿಗಳ ಕಟ್ಟು ಇಳಿಸಿದೆ. ಸಾಕ್ರಟೀಸ್, ಡೆಕಾರ್ಟ್, ಕಾಂಟ್, ಶಂಕರ, ರಾಮಾನುಜ, ಮಧ್ವ, ಬುದ್ಧ, ಚಾರ್ವಾಕ. ವರ್ಷ ವರ್ಷ ಅದೇ ಕಟ್ಟಿನಿಂದ ಪಾಠ ಮಾಡಿದ್ದೆ. ಟೈಪು ಮಾಡಿ ಮಾಡಿ ಸೇರಿಸಿದೆ. ಭಾಷೆ ತಿಳಿಯಾಗಿತ್ತು, ಓಘ ಇತ್ತು. ನನಗೆ ಹೆಮ್ಮೆಯೂ ಇತ್ತು. ಅಡಿಟಿಪ್ಪಣಿ ಒಂದೂ ಇರಲಿಲ್ಲ.

ವಿಕಿಪೀಡಿಯದ ಹುಟ್ಟಿನಲ್ಲೇ ಇಂಥದೊಂದು ಪ್ರಸಂಗ ಇದೆಯೆಂದು ಆಮೇಲೆ ತಿಳಿದೆ. ಜಿಮ್ಮಿ ವೇಲ್ಸ್ ಜೊತೆ ಅದನ್ನು ಕಟ್ಟಿದ ಲ್ಯಾರಿ ಸ್ಯಾಂಗರ್ ತತ್ತ್ವಶಾಸ್ತ್ರದಲ್ಲೇ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದವರು. ಅದಕ್ಕೂ ಮೊದಲು 2000ದಲ್ಲಿ ಅವರ ಸಂಪಾದಕತ್ವದಲ್ಲಿ ಶುರುವಾದ ನ್ಯೂಪೀಡಿಯ ಎಂಬ ವಿಶ್ವಕೋಶದಲ್ಲಿ ಪ್ರತಿ ಲೇಖನವೂ ತಜ್ಞರ ಏಳು ಹಂತದ ಪರಿಶೀಲನೆ ದಾಟಬೇಕಿತ್ತು. ಮೂರು ವರ್ಷ ನಡೆದು ಅದು ಮುಚ್ಚುವ ಹೊತ್ತಿಗೆ ಮುಗಿದಿದ್ದ ಲೇಖನಗಳು ಇಪ್ಪತ್ತೈದರ ಆಸುಪಾಸು. 2001ರ ಜನವರಿಯಲ್ಲಿ ವಿಕಿಪೀಡಿಯ ಆರಂಭವಾದಾಗ ಸ್ಯಾಂಗರ್ ತಮ್ಮ ತರಗತಿಯ ಉಪನ್ಯಾಸ ಟಿಪ್ಪಣಿಗಳನ್ನೇ ತತ್ತ್ವಶಾಸ್ತ್ರದ ಆರಂಭದ ಲೇಖನಗಳಾಗಿ ಅಲ್ಲಿ ಹಾಕಿದರು. ಖಾಲಿ ಜಾಗ ತುಂಬಲು ಅದೊಂದು ಆರಂಭ ಎಂಬ ಅರಿವು ಅವರಿಗಿತ್ತು. ಮುಂದೆ ಬಂದವರು ಆ ಟಿಪ್ಪಣಿಗಳನ್ನು ಒಡೆದು, ಮೂಲಗಳನ್ನು ಸೇರಿಸಿ, ಎಷ್ಟೋ ಕಡೆ ಪೂರ್ತಿ ತೆಗೆದೂ ಹಾಕಿ ಹೊಸದಾಗಿ ಬರೆದರು. ನಾನು ಮಾತ್ರ ನನ್ನ ಟಿಪ್ಪಣಿಯನ್ನು ಮುಗಿದ ಲೇಖನ ಎಂದು ತಿಳಿದಿದ್ದೆ.

ಬೇಗನೆ ಪುಟಗಳ ಮೇಲೆ ಪಟ್ಟಿಗಳು ಬಿದ್ದವು: ಉಲ್ಲೇಖ ಬೇಕು, ವಿಶ್ವಕೋಶದ ಶೈಲಿಯಲ್ಲಿಲ್ಲ, ಸ್ವಂತ ಅಭಿಪ್ರಾಯದಂತಿದೆ. ಕೆಲವು ಸಾಲುಗಳನ್ನು ಯಾರೋ ತೆಗೆದರು, ನಾನು ಮತ್ತೆ ಹಾಕಿದೆ. ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಕೂಡಿ ಮಾತಾಡುವ ಪುಟವನ್ನು 'ಅರಳಿ ಕಟ್ಟೆ' ಎನ್ನುತ್ತಾರೆ. ಆ ಕಟ್ಟೆಗೆ ಹೋಗಿ, ವಿಷಯ ಬಲ್ಲವರನ್ನು ಹೀಗೆ ನಡೆಸಿಕೊಂಡರೆ ಕನ್ನಡದ ಗತಿಯೇನು ಎಂದು ಬರೆದೆ. ಯಾರೂ ಒರಟಾಗಿ ಉತ್ತರಿಸಲಿಲ್ಲ. ಮೂರು ನಿಯಮಗಳನ್ನು ಓದಿ ಎಂದರು: ಯಾವ ಪಕ್ಷಕ್ಕೂ ವಾಲದಿರುವುದು, ಹೇಳಿದ್ದಕ್ಕೆಲ್ಲ ಪ್ರಕಟಿತ ಆಧಾರ ಇರುವುದು, ಸ್ವಂತ ಸಂಶೋಧನೆ, ಸ್ವಂತ ವ್ಯಾಖ್ಯಾನ ಸೇರಿಸದಿರುವುದು. ಇವನ್ನು ಕಚೇರಿಯ ಸುತ್ತೋಲೆಯಂತೆ ಓದಿ ಬದಿಗಿಟ್ಟೆ.

ಆಮೇಲೆ ಮಾಡಿದ್ದು ಇದಕ್ಕಿಂತ ದೊಡ್ಡ ತಪ್ಪು. ಪರಿಚಯದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ್ಕೆ ಹೋಗುತ್ತಿದ್ದೆ. ಅಲ್ಲಿಯ ಮಕ್ಕಳಿಗೆ ಒಬ್ಬೊಬ್ಬರಿಗೂ ಒಬ್ಬ ತತ್ತ್ವಜ್ಞಾನಿಯನ್ನು ಹಂಚಿ, ವಿಕಿಪೀಡಿಯಕ್ಕೆ ಲೇಖನ ಬರೆದರೆ ಆಂತರಿಕ ಅಂಕ ಎಂದೆ. ಇಷ್ಟು ಪದಗಳಿರಬೇಕು ಎಂದು ಗಾತ್ರವನ್ನೂ ಗೊತ್ತುಮಾಡಿದೆ. ಮಕ್ಕಳು ಏನು ಮಾಡಬೇಕು? ಅರ್ಧ ಜನ ಇಂಗ್ಲಿಷ್ ಪುಟವನ್ನು ಯಂತ್ರಕ್ಕೆ ಕೊಟ್ಟು ಬಂದದ್ದನ್ನು ಅಂಟಿಸಿದರು. ಉಳಿದವರು ಗೈಡಿನಿಂದ, ಯಾರದೋ ಪುಸ್ತಕದಿಂದ ಪುಟಗಟ್ಟಲೆ ಇಳಿಸಿದರು. ಒಂದು ವಾರದಲ್ಲಿ ಲೇಖನಗಳು ಅಳಿಸಿಹೋಗತೊಡಗಿದವು. ಕೃತಿಚೌರ್ಯ ಎಂಬ ಎಚ್ಚರಿಕೆ ಬಂದಾಗ ಒಬ್ಬಳು ಹುಡುಗಿ ಅಳುತ್ತ ಫೋನು ಮಾಡಿದಳು. ತನ್ನ ಹೆಸರಿನ ಮೇಲೆ ಪೊಲೀಸ್ ಕೇಸು ಆಗುತ್ತದೆಂದು ಹೆದರಿದ್ದಳು. ಅವಳಿಗೆ ಸಮಾಧಾನ ಹೇಳಿದೆ. ತಪ್ಪು ನನ್ನದು ಎಂದು ಅವತ್ತೇ ಅವಳಿಗೆ ಹೇಳಬೇಕಿತ್ತು. ಹೇಳಿದ್ದು ಎಷ್ಟೋ ದಿನಗಳ ನಂತರ.

2011ರಲ್ಲಿ ಪುಣೆಯ ಕಾಲೇಜುಗಳಲ್ಲಿ ವಿಕಿಮೀಡಿಯ ಪ್ರತಿಷ್ಠಾನ ಇಂಗ್ಲಿಷ್ ವಿಕಿಪೀಡಿಯಕ್ಕಾಗಿ ನಡೆಸಿದ ಶಿಕ್ಷಣ ಯೋಜನೆಯೂ ಇದೇ ಬಂಡೆಗೆ ಬಡಿದು ನಿಂತಿತ್ತು. ನೂರಾರು ವಿದ್ಯಾರ್ಥಿಗಳು ಒಮ್ಮೆಗೇ ಬರೆದರು, ನಕಲು ಹೇರಳವಾಯಿತು, ಅದನ್ನು ತೊಳೆಯುವ ಭಾರ ಬೇರೆ ಸಂಪಾದಕರ ಮೇಲೆ ಬಿತ್ತು, ಯೋಜನೆಯನ್ನು ನಿಲ್ಲಿಸಬೇಕಾಯಿತು. ಅದನ್ನು ಮೊದಲೇ ಓದಿಕೊಂಡಿದ್ದರೆ ಮಕ್ಕಳ ಕೈಗೆ ಮೊದಲು ಒಂದು ಪುಸ್ತಕ, ಒಂದು ಪ್ಯಾರಾ ಕೊಡುತ್ತಿದ್ದೆ. ಒಂದು ಇಡೀ ತತ್ತ್ವಜ್ಞಾನಿಯನ್ನು ಅಲ್ಲ.

ಇಷ್ಟೆಲ್ಲ ಆದ ಮೇಲೆ, ಮಾಯಾವಾದದ ಪುಟದ ಆ ಪ್ರಶ್ನೆಗೆ ಉತ್ತರ ಕೊಟ್ಟೇ ತೀರಬೇಕೆಂದು ಧಾರವಾಡಕ್ಕೆ ಹೋಗಿ ಗ್ರಂಥಾಲಯದಲ್ಲಿ ಕೂತೆ. ಉದ್ದೇಶ ಸಣ್ಣದು. ಶಂಕರರ ಪಕ್ಷಕ್ಕೆ ಪುಟಸಂಖ್ಯೆ ಹುಡುಕುವುದು, ಮಧ್ವರ ಆಕ್ಷೇಪಕ್ಕೊಂದು ಪುಟಸಂಖ್ಯೆ ಹುಡುಕುವುದು, ಎರಡನ್ನೂ ಹಾಕಿ ಬಾಯಿ ಮುಚ್ಚಿಸುವುದು. ತರಗತಿಯಲ್ಲಿ ನಾನು ಯಾವಾಗಲೂ ಹೇಳುತ್ತಿದ್ದದ್ದು ಹೀಗೆ: ಕತ್ತಲಲ್ಲಿ ಹಗ್ಗ ಹಾವಾಗಿ ಕಾಣುವಂತೆ ಬ್ರಹ್ಮ ಜಗತ್ತಾಗಿ ಕಾಣುತ್ತದೆ, ಆದ್ದರಿಂದ ಜಗತ್ತು ಮಿಥ್ಯೆ, ಜಗತ್ತು ಕಣ್ಣಿಗೆ ಕಾಣುತ್ತದಲ್ಲ, ಸುಳ್ಳು ಹೇಗಾದೀತು ಎನ್ನುವುದು ದ್ವೈತಿಗಳ ಆಕ್ಷೇಪ, ವ್ಯವಹಾರದ ನೆಲೆ ಬೇರೆ ಪರಮಾರ್ಥದ ನೆಲೆ ಬೇರೆ ಎಂಬುದನ್ನು ಅವರು ಗ್ರಹಿಸಲಿಲ್ಲ. ಪುಟದಲ್ಲೂ ಇದನ್ನೇ ಬರೆದಿದ್ದೆ.

ಮೂಲವನ್ನೇ ತೆರೆದು ನೋಡಿದರೆ, ದ್ವೈತಿಗಳು ಹೇಳಿದ್ದು ಅದಲ್ಲ. ವಿಜಯನಗರದ ಕಾಲದಲ್ಲಿ ಹಂಪಿಯಲ್ಲಿದ್ದ ವ್ಯಾಸತೀರ್ಥರು 'ನ್ಯಾಯಾಮೃತ'ದ ಆರಂಭದಲ್ಲೇ ಕೇಳುವುದು, 'ಮಿಥ್ಯೆ' ಎಂದು ನೀವು ಹೇಳುವಾಗ ಯಾವ ಅರ್ಥದಲ್ಲಿ ಹೇಳುತ್ತೀರಿ ಎಂದು. ಅದ್ವೈತಿಗಳೇ ಬೇರೆ ಬೇರೆ ಕಡೆ ಕೊಟ್ಟ ಐದು ಲಕ್ಷಣಗಳನ್ನು ಅವರು ಒಂದೊಂದಾಗಿ ಎತ್ತಿಕೊಳ್ಳುತ್ತಾರೆ. ಸತ್ತೂ ಅಲ್ಲದ ಅಸತ್ತೂ ಅಲ್ಲದ ವಿಲಕ್ಷಣವಾದದ್ದು ಮಿಥ್ಯೆ ಎಂಬುದು ಪದ್ಮಪಾದರ ಮಾತು. ಎಲ್ಲಿ ಕಾಣುತ್ತದೋ ಅಲ್ಲೇ ಮೂರು ಕಾಲಕ್ಕೂ ಇಲ್ಲವಾದದ್ದು, ಜ್ಞಾನದಿಂದ ಬಾಧಿತವಾಗುವುದು ಎಂಬ ಎರಡು ಲಕ್ಷಣಗಳು ಪ್ರಕಾಶಾತ್ಮರವು. ಚಿತ್ಸುಖರದೊಂದು, ಆನಂದಬೋಧರದೊಂದು. ಒಂದೊಂದಕ್ಕೂ ಎಲ್ಲಿ ತೊಡಕಿದೆ ಎಂದು ವ್ಯಾಸತೀರ್ಥರು ತೋರಿಸುತ್ತಾರೆ. ಎದುರಾಳಿಯನ್ನು ಅವರು ದಡ್ಡನನ್ನಾಗಿ ಮಾಡಿಲ್ಲ. ಎದುರಾಳಿಯ ಬಾಯಲ್ಲಿ ಬರಬಹುದಾದ ಅತ್ಯಂತ ಬಲವಾದ ಮಾತನ್ನೇ ಎತ್ತಿಕೊಂಡು, ಅದಕ್ಕೆ ಉತ್ತರ ಕೊಡುತ್ತಾರೆ. ಅದಕ್ಕೇ ಮಧುಸೂದನ ಸರಸ್ವತಿಗಳು 'ಅದ್ವೈತಸಿದ್ಧಿ'ಯಲ್ಲಿ ಆ ಗ್ರಂಥವನ್ನು ಹೆಚ್ಚುಕಡಿಮೆ ಸಾಲು ಸಾಲಾಗಿ ಹಿಡಿದು ಪ್ರತ್ಯುತ್ತರ ಬರೆಯಬೇಕಾಯಿತು. ಅದಕ್ಕೆ ರಾಮಾಚಾರ್ಯರ 'ನ್ಯಾಯಾಮೃತ ತರಂಗಿಣಿ' ಎದುರಾಯಿತು; ಅದಕ್ಕೆ ಗೌಡ ಬ್ರಹ್ಮಾನಂದರು ಮತ್ತೆ ಉತ್ತರಿಸಿದರು. ತಲೆಮಾರುಗಳನ್ನು ದಾಟಿ ನಡೆದ ಒಂದೇ ಮಾತುಕತೆ ಅದು, ಮತ್ತು ಅದರ ಮೊದಲ ಮಾತು ನಮ್ಮ ತುಂಗಭದ್ರೆಯ ದಡದಿಂದ ಹೊರಟದ್ದು.

ನನ್ನ ತರಗತಿಗಳಲ್ಲಿ ಕೂತೆದ್ದು ಹೋದ ಮಕ್ಕಳು ಕೇಳಿದ ಪೂರ್ವಪಕ್ಷವನ್ನು, ಅಂದರೆ ಎದುರು ಪಕ್ಷದ ವಾದವನ್ನು, ಯಾವ ಪೂರ್ವಪಕ್ಷಿಯೂ ಹಾಗೆ ಮಂಡಿಸಿರಲಿಲ್ಲ. ಪಾಠ ಬೇಗ ಮುಗಿಯಲೆಂದು, ಸಿದ್ಧಾಂತ ಗೆಲ್ಲಲೆಂದು ನಾನೇ ಕಟ್ಟಿಕೊಂಡ ಸಡಿಲು ಮಾತು ಅದು. ಹುಬ್ಬಳ್ಳಿಯಲ್ಲಿ ಬೆಳೆದವನು ನಾನು. ಸಿದ್ಧಾರೂಢರು 1929ರಲ್ಲಿ ದೇಹ ಬಿಡುವವರೆಗೂ ಅದ್ವೈತವನ್ನು ಬೋಧಿಸಿದ ಊರು ಇದು. ಮಠದ ಶಾಸ್ತ್ರ ಕೇಳುತ್ತಲೇ ದೊಡ್ಡವನಾದೆ. ಅದ್ವೈತ ನನಗೆ ಒಂದು ಪಕ್ಷವಾಗಿ ಎಂದೂ ಕಂಡಿರಲಿಲ್ಲ, ಉಸಿರಾಡುವ ಗಾಳಿಯಾಗಿತ್ತು. ಯಾವ ಪಕ್ಷಕ್ಕೂ ವಾಲಬಾರದು ಎಂಬ ನಿಯಮವನ್ನು ನಾನು ಮುರಿದದ್ದು ಹಟದಿಂದಲ್ಲ. ನಾನು ನಿಂತದ್ದು ಒಂದು ಪಕ್ಷದಲ್ಲಿ ಎಂಬುದೇ ನನಗೆ ಗೊತ್ತಿರಲಿಲ್ಲ.

ಇದೇ ಇನ್ನೊಮ್ಮೆ, ಇನ್ನೂ ನೋವಾಗುವ ಹಾಗೆ ತಿಳಿದದ್ದು ವಚನಗಳ ತಾತ್ವಿಕತೆಯ ಬಗ್ಗೆ ಬರೆದ ಭಾಗದಲ್ಲಿ. ಶರಣರ ದರ್ಶನ ಮೂಲತಃ ಅದ್ವೈತವೇ ಎಂದು ಒಂದು ಸಾಲಿನಲ್ಲಿ ಮುಗಿಸಿದ್ದೆ. ಅಳುತ್ತ ಫೋನು ಮಾಡಿದ್ದ ಅದೇ ಹುಡುಗಿ ಅದನ್ನು ಓದಿ ಮನೆಗೆ ಬಂದಳು. "ಸರ್, ಇದನ್ನ ನಮ್ಮ ಮನ್ಯಾಗ ಯಾರೂ ಒಪ್ಪಂಗಿಲ್ರಿ. ನೀವು ಹೇಳಿದ್ದು ಖರೇ ಇದ್ರೂ ಇರಬಹುದು. ಆದ್ರ ನಮ್ಮ ಅಜ್ಜಾರು ಹೇಳೋದು ಅದರಾಗ ಎಲ್ಲೂ ಇಲ್ಲಲ್ರಿ." ಅವಳ ಅಜ್ಜ ಹೇಳುವುದು ಬೀದಿಯ ಮಾತಲ್ಲ. 'ಸಿದ್ಧಾಂತ ಶಿಖಾಮಣಿ', ಶ್ರೀಪತಿ ಪಂಡಿತರ 'ಶ್ರೀಕರ ಭಾಷ್ಯ' ಇವುಗಳ ಆಧಾರದ ಮೇಲೆ ಶಕ್ತಿವಿಶಿಷ್ಟಾದ್ವೈತ ಎಂದು ಪ್ರತಿಪಾದಿಸುವ ಪರಂಪರೆ ಒಂದಿದೆ. ವಚನಗಳನ್ನು ವೇದಾಂತದ ಯಾವ ಚೌಕಟ್ಟಿಗೂ ಸೇರಿಸದೆ ಅವುಗಳ ಮಾತಿನಿಂದಲೇ ಓದಬೇಕು ಎನ್ನುವ ವಿದ್ವಾಂಸರ ಸಾಲು ಇನ್ನೊಂದಿದೆ. ಲಿಂಗಾಯತವು ಸ್ವತಂತ್ರ ಧರ್ಮವೆಂದು ವಾದಿಸಿದ ಎಂ.ಎಂ. ಕಲಬುರ್ಗಿಯವರು ಇದ್ದದ್ದು ಇಲ್ಲಿಂದ ಅರ್ಧ ತಾಸಿನ ದಾರಿಯ ಧಾರವಾಡದಲ್ಲಿ. ಫ.ಗು. ಹಳಕಟ್ಟಿಯವರು 1923ರಲ್ಲಿ 'ವಚನ ಶಾಸ್ತ್ರ ಸಾರ' ತಂದಾಗಿನಿಂದ ಇವತ್ತಿನವರೆಗೆ ಈ ಚರ್ಚೆ ನಿಂತಿಲ್ಲ. ನಾನು ಇದೆಲ್ಲವನ್ನೂ ಬಲ್ಲೆ. ಬಲ್ಲವನಾಗಿದ್ದೂ ಒಂದು ಸಾಲಿನಲ್ಲಿ ಮೂರು ಪಕ್ಷಗಳನ್ನು ಒರೆಸಿದ್ದೆ.

ಒಪ್ಪದ ಪಕ್ಷವನ್ನೂ ದಾಖಲಿಸುವ ಈ ಶಿಸ್ತು ನಮಗೆ ಹೊರಗಿನದಲ್ಲ ಎಂಬುದು ಆಮೇಲೆ ನೆನಪಾಗಿ ಇನ್ನಷ್ಟು ಬೇಸರವಾಯಿತು. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಆರಂಭದ ದಿನಗಳಲ್ಲಿ ಮಾಧವಾಚಾರ್ಯರು ಬರೆದ 'ಸರ್ವದರ್ಶನ ಸಂಗ್ರಹ' ಶುರುವಾಗುವುದು ಚಾರ್ವಾಕರಿಂದ. ವೇದವನ್ನೇ ಒಪ್ಪದವರ ಮಾತಿಗೆ ಮೊದಲ ಅಧ್ಯಾಯ. ನಂತರ ಬೌದ್ಧ, ಜೈನ, ರಾಮಾನುಜ, ಮಧ್ವ, ಪಾಶುಪತ, ಶೈವ, ಪ್ರತ್ಯಭಿಜ್ಞೆ ಎಂದು ಸಾಗಿ ಕೊನೆಗೆ ಶಂಕರ ದರ್ಶನ, ಒಟ್ಟು ಹದಿನಾರು. ಬರೆದವರು ಅದ್ವೈತಿ, ಮೆಟ್ಟಿಲುಗಳನ್ನು ಜೋಡಿಸಿದ ಕ್ರಮದಲ್ಲಿ ಅವರ ಒಲವು ಕಾಣದೆ ಇರುವುದಿಲ್ಲ. ಆದರೂ ಚಾರ್ವಾಕ ದರ್ಶನದ ಬಗ್ಗೆ ಇವತ್ತು ಲೋಕಕ್ಕೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಉಳಿದದ್ದು ಅವರು ಒಪ್ಪದ ಆ ಮಾತನ್ನು ದಾಖಲಿಸಿದ್ದರಿಂದ. ಆ ಗ್ರಂಥದಲ್ಲಿ ವೀರಶೈವಕ್ಕೆ ಪ್ರತ್ಯೇಕ ಅಧ್ಯಾಯವಿಲ್ಲ ಎಂಬುದನ್ನೂ ಹೇಳಲೇಬೇಕು. ಸಂಗ್ರಹಕಾರ ಯಾರನ್ನು ಬಿಟ್ಟ ಎಂಬುದೂ ಓದುಗನಿಗೆ ತಿಳಿಯಬೇಕಾದ ಸಂಗತಿಯೇ.

ಕನ್ನಡದಲ್ಲಿಯೂ ಈ ಹಾದಿ ಹಳೆಯದು. ನಿಜಗುಣ ಶಿವಯೋಗಿಗಳ 'ವಿವೇಕ ಚಿಂತಾಮಣಿ' ಗದ್ಯದಲ್ಲಿರುವ ಜ್ಞಾನಕೋಶ. ಅದರಲ್ಲಿ ದರ್ಶನಗಳ ವಿಚಾರಕ್ಕೆ ದೊಡ್ಡ ಜಾಗವಿದೆ. ಮೈಸೂರು ವಿಶ್ವವಿದ್ಯಾನಿಲಯದ 'ಕನ್ನಡ ವಿಶ್ವಕೋಶ'ದ ಮೊದಲ ಸಂಪುಟ 1969ರಲ್ಲಿ ಬಂತು. ಅದರ ಕೆಲವು ಸಂಪುಟಗಳನ್ನು ವಿಶ್ವವಿದ್ಯಾನಿಲಯ 2014ರಲ್ಲಿ ಮುಕ್ತ ಪರವಾನಗಿಗೆ ಒಪ್ಪಿಸಿದ್ದು ಕನ್ನಡಕ್ಕೆ ಮಾಡಿದ ದೊಡ್ಡ ಉಪಕಾರ. ಆದರೆ ಅದನ್ನು ಹಾಗೇ ಎತ್ತಿ ಅಂಟಿಸಿದರೆ ಕೆಲಸ ಮುಗಿಯಿತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅಲ್ಲಿಯ ಬರಹಕ್ಕೆ ಲೇಖಕರ ಹೆಸರಿನ ಸಂಕ್ಷಿಪ್ತಾಕ್ಷರಗಳ ಹೊಣೆ ಇತ್ತು, ಅದರ ಹಿಂದೆ ಸಂಪಾದಕ ಮಂಡಳಿ ಇತ್ತು. ಎತ್ತಿ ತಂದಾಗ ಆ ಹೊಣೆ ಕಳಚಿಹೋಗುತ್ತದೆ. ನಂತರದ ಅರ್ಧ ಶತಮಾನದ ಚರ್ಚೆಯೂ ಅದರಲ್ಲಿರುವುದಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಝಾಲ್ಟಾ 1995ರಲ್ಲಿ ಆರಂಭಿಸಿದ ತತ್ತ್ವಶಾಸ್ತ್ರ ವಿಶ್ವಕೋಶದಲ್ಲಿ ಪ್ರತಿ ಲೇಖನಕ್ಕೂ ಹೆಸರು ಹೊತ್ತ ವಿದ್ವಾಂಸರಿದ್ದಾರೆ, ಅವರೇ ಕಾಲಕಾಲಕ್ಕೆ ತಿದ್ದುತ್ತಾರೆ. ವಿಕಿಪೀಡಿಯದಲ್ಲಿ ಬರೆಯುವವನಿಗೆ ಹೆಸರಿಲ್ಲ. ಆದ್ದರಿಂದ ಅಲ್ಲಿ ಪ್ರತಿಯೊಂದು ವಾಕ್ಯವೂ ತನ್ನ ಹೊಣೆಯನ್ನು ತಾನೇ ಹೊರಬೇಕು: ಯಾರು ಹೇಳಿದರು, ಯಾರಿಗೆ ಎದುರಾಗಿ ಹೇಳಿದರು, ಯಾವ ಪುಸ್ತಕದ ಯಾವ ಪುಟದಲ್ಲಿ.

ಈಗ ನಾನು ಮಾಡುವ ಕೆಲಸದ ಗಾತ್ರ ಬಹಳ ಚಿಕ್ಕದು. ಹೊಸ ಲೇಖನ ಶುರುಮಾಡುವುದಿಲ್ಲ. ಇರುವ ಪುಟದ ಒಂದು ಪ್ಯಾರಾ ಹಿಡಿಯುತ್ತೇನೆ. ಕಾಂಟ್ ಪುಟಕ್ಕೆ ಮೊದಲು ನಾನು ಬರೆದಿದ್ದದ್ದು: "ಕಾಂಟ್ ಜಗತ್ತಿನ ಮಹಾನ್ ತತ್ತ್ವಜ್ಞಾನಿಗಳಲ್ಲಿ ಅಗ್ರಗಣ್ಯ. ಕರ್ತವ್ಯಕ್ಕಾಗಿ ಕರ್ತವ್ಯ ಎಂಬುದೇ ಅವನ ಸಂದೇಶ." ಮೊದಲ ವಾಕ್ಯದಲ್ಲಿ ಹೊಗಳಿಕೆ ಬಿಟ್ಟು ಏನೂ ಇಲ್ಲ. ಎರಡನೆಯದರಲ್ಲಿ ಅರ್ಧ ಸತ್ಯವಿದೆ, ವಾದವಿಲ್ಲ. ತಿದ್ದಿ ಬರೆದದ್ದು ಹೀಗೆ: ನೀತಿಯ ತಳಹದಿಯ ಬಗ್ಗೆ 1785ರಲ್ಲಿ ಬರೆದ ಪುಸ್ತಕದಲ್ಲಿ ಕಾಂಟ್, ಒಂದು ಕೆಲಸಕ್ಕೆ ನೈತಿಕ ಬೆಲೆ ಬರುವುದು ಅದರ ಫಲದಿಂದಲ್ಲ, ಅದನ್ನು ಮಾಡಿಸಿದ ನಿಯಮದಿಂದ ಎಂದು ವಾದಿಸುತ್ತಾನೆ, ಎಲ್ಲರೂ ಪಾಲಿಸಲಿ ಎಂದು ಬಯಸಬಹುದಾದ ನಿಯಮದಂತೆ ಮಾತ್ರ ನಡೆ ಎಂಬುದು ಅವನ ಸೂತ್ರ, ಈ ಸೂತ್ರ ಬರೀ ಆಕಾರ, ಯಾವ ಕೆಲಸ ಕರ್ತವ್ಯ ಎಂಬುದನ್ನು ಅದೊಂದರಿಂದಲೇ ತಿಳಿಯಲಾಗದು ಎಂದು ಹೆಗೆಲ್ ಆಕ್ಷೇಪಿಸಿದ. ಪ್ರತಿ ಭಾಗಕ್ಕೂ ಪುಸ್ತಕ, ಪುಟ. ಇಷ್ಟಕ್ಕೆ ಒಂದು ವಾರ ಹಿಡಿಯಿತು. ಓಣಿಯ ಹುಡುಗನಿಗೆ ಓದಲು ಕೊಟ್ಟೆ. ಹೆಗೆಲ್ ಹೇಳಿದ್ದರ ಮೇಲೆ ಅವನು ನನ್ನ ಜೊತೆ ಜಗಳಕ್ಕೇ ಬಿದ್ದ. ಮೊದಲ ಸಲ ನಾನು ಬಾಯಲ್ಲಿ ಹೇಳಿದಾಗ ಅವನು ತಲೆಯಾಡಿಸಿದ್ದ, ಅಷ್ಟೇ.

ಮಾಯಾವಾದದ ಭಾಗವನ್ನು ಪೂರ್ತಿ ತೆಗೆದು ಹೊಸದಾಗಿ ಬರೆಯುತ್ತಿದ್ದೇನೆ. ಐದು ಲಕ್ಷಣಗಳನ್ನು ಪಿಯುಸಿ ಓದಿದವರಿಗೆ ತಿಳಿಯುವಂತೆ ಬರೆಯುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಎಂ. ಹಿರಿಯಣ್ಣನವರ 1932ರ ಭಾರತೀಯ ತತ್ತ್ವಶಾಸ್ತ್ರದ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಳ್ಳುತ್ತೇನೆ. ಬರೆದದ್ದು ಇಂಗ್ಲಿಷಿನಲ್ಲೇ ಆದರೂ, ತಾನು ಒಪ್ಪುವ ದರ್ಶನವನ್ನೂ ಒಪ್ಪದ ದರ್ಶನವನ್ನೂ ಒಂದೇ ಎಚ್ಚರದಿಂದ ಹೇಳುವುದು ಹೇಗೆ ಎಂಬುದಕ್ಕೆ ಆ ಮೈಸೂರಿನ ಮೇಷ್ಟ್ರಿಗಿಂತ ಒಳ್ಳೆಯ ಮಾದರಿ ನನಗೆ ಸಿಕ್ಕಿಲ್ಲ. ವಚನಗಳ ಭಾಗಕ್ಕೆ ಹುಡುಗಿ ಕೈಜೋಡಿಸಿದ್ದಾಳೆ. ಅವಳ ಕರಾರು ಒಂದೇ: ಅಜ್ಜನ ಪಕ್ಷವನ್ನು ನಾನು ಬರೆಯಬೇಕು, ನನ್ನ ಪಕ್ಷವನ್ನು ಅವಳು ಬರೆಯುತ್ತಾಳೆ. ಬರೆದಾದ ಮೇಲೆ ಆಯಾ ಪಕ್ಷದವರು, 'ಹೌದು, ನಾವು ಹೇಳುವುದು ಇದೇ' ಎಂದು ಒಪ್ಪಬೇಕು. ಅಂಕಕ್ಕಾಗಿ ಬರೆಸಿದ್ದ ಎಲ್ಲ ಲೇಖನಗಳಿಗಿಂತ ಈ ಒಂದು ಕರಾರಿನಿಂದ ನಮ್ಮಿಬ್ಬರಿಗೂ ಹೆಚ್ಚು ತತ್ತ್ವಶಾಸ್ತ್ರ ಬಂದಿದೆ.

ಒಂದು ಸಂಗತಿಯಲ್ಲಿ ಮಾತ್ರ ನನ್ನ ಮನಸ್ಸು ಇನ್ನೂ ತಿಳಿಯಾಗಿಲ್ಲ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ನಮ್ಮ ಓಣಿಯಲ್ಲಿದ್ದಾರೆ. ಮಠದಲ್ಲಿ ಕೂತು ನಿಜಗುಣರ ಶಾಸ್ತ್ರವನ್ನು ಕೇಳಿ ಕೇಳಿ ಅವರಿಗೆ ಕರಗತ. 'ಪರಮಾನುಭವ ಬೋಧೆ'ಯ ಒಂದು ಮಾತು ಕೇಳಿದರೆ ಹಿಂದಿನವರು ಅದನ್ನು ಹೇಗೆ ಬಿಡಿಸುತ್ತಿದ್ದರು, ಇವರು ಹೇಗೆ ಬಿಡಿಸುತ್ತಾರೆ, ಎಲ್ಲಿ ಭೇದ ಎಂದು ಹೇಳಬಲ್ಲರು. ನಾನು ಪುಸ್ತಕದಲ್ಲಿ ಹುಡುಕಿ ಸೋತ ಪೂರ್ವಪಕ್ಷಗಳು ಅವರ ಬಾಯಲ್ಲಿವೆ. ಅವರ ಮಾತನ್ನು ವಿಕಿಪೀಡಿಯಕ್ಕೆ ಹಾಕುವಂತಿಲ್ಲ, ಯಾಕೆಂದರೆ ಅದು ಅಚ್ಚಾಗಿಲ್ಲ. ಬಾಯಿಮಾತಿನ ಜ್ಞಾನವನ್ನು ಧ್ವನಿಮುದ್ರಿಸಿ ಆಧಾರವಾಗಿ ಬಳಸಬಹುದು ಎಂದು 2011ರಲ್ಲಿ ಅಚಲ್ ಪ್ರಭಲಾ ಭಾರತ, ದಕ್ಷಿಣ ಆಫ್ರಿಕಾಗಳಲ್ಲಿ ಒಂದು ಪ್ರಯೋಗ ಮಾಡಿ ತೋರಿಸಿದ್ದರು. ಅದರ ಬಗ್ಗೆ ವಾದವಿವಾದ ಬಹಳ ನಡೆಯಿತು, ನಿಯಮ ಬದಲಾಗಲಿಲ್ಲ.

ನಿಯಮ ಬದಲಾಗಬೇಕೆಂದು ನಾನು ಹೇಳಲಾರೆ. ಪುಟಸಂಖ್ಯೆ ಕೇಳುವವರಿಲ್ಲದಿದ್ದರೆ ನನ್ನ ಟಿಪ್ಪಣಿಗಳು ಇವತ್ತಿಗೂ ಹಾಗೇ ಇರುತ್ತಿದ್ದವು. ಆದರೆ ಆ ಹಿರಿಯರ ಜೊತೆಗೇ ಅವರ ಅರಿವು ಹೋಗಿಬಿಟ್ಟರೆ ಅದು ಹುಬ್ಬಳ್ಳಿಗೆ ಆಗುವ ನಷ್ಟ, ಕನ್ನಡಕ್ಕೆ ಆಗುವ ನಷ್ಟ. ಹಿಂದೆ ಕರ್ನಾಟಕ ವಿಶ್ವವಿದ್ಯಾಲಯದ ಪ್ರಸಾರಾಂಗ ಸಣ್ಣ ಸಣ್ಣ ಉಪನ್ಯಾಸ ಪುಸ್ತಿಕೆಗಳನ್ನು ಅಚ್ಚು ಹಾಕಿ ಹಳ್ಳಿಗಳಿಗೆ ಮುಟ್ಟಿಸುತ್ತಿತ್ತು. ಜಮಖಂಡಿಯಲ್ಲಿ ಹುಟ್ಟಿ ಅಲಹಾಬಾದಿನಲ್ಲಿ ತತ್ತ್ವಶಾಸ್ತ್ರ ಕಲಿಸಿ ನಿಂಬಾಳದಲ್ಲಿ ನೆಲೆಸಿದ ರಾ.ದ. ರಾನಡೆಯವರು ಕನ್ನಡ ಸಂತರ ಅನುಭಾವದ ಕುರಿತು ಮಾತಾಡಿದ್ದು ಪುಸ್ತಕವಾದದ್ದರಿಂದಲೇ ಇವತ್ತು ಅದನ್ನು ಉಲ್ಲೇಖಿಸಬಹುದಾಗಿದೆ. ಅದೇ ದಾರಿ ಹಿಡಿದಿದ್ದೇವೆ. ಹಿರಿಯರು ಹೇಳುತ್ತಾರೆ, ಹುಡುಗಿ ಧ್ವನಿಮುದ್ರಿಸಿಕೊಂಡು ಬರೆದುಕೊಳ್ಳುತ್ತಾಳೆ, ನಾನು ನಿಜಗುಣರ ಮೂಲದ ಜೊತೆ ತಾಳೆ ನೋಡುತ್ತೇನೆ. ಮೊದಲ ಭಾಗದ ಕರಡನ್ನು ಓದಿಸಿಕೊಂಡು ಕೇಳಿದ ಅವರು, "ಇಲ್ಲೆ ನಾ ಹೇಳಿದ್ದಷ್ಟ ಹಾಕೀರಿ. ಇದಕ್ಕ ಆಚೆ ಮಠದಾವ್ರು ಬ್ಯಾರೆ ಹೇಳ್ತಾರ. ಅದನ್ನೂ ಹಾಕ್ರಿ, ಇಲ್ಲಂದ್ರ ಅಚ್ಚಿಗೆ ಕೊಡಬ್ಯಾಡ್ರಿ" ಎಂದು ಕರಡನ್ನು ವಾಪಸು ಕೊಟ್ಟರು. ಆಚೆ ಮಠದವರನ್ನು ಕಾಣಲು ಬರುವ ಸೋಮವಾರ ಹುಡುಗಿಯೂ ನಾನೂ ಹೊರಟಿದ್ದೇವೆ.